ಅವ್ವನ ಮೊಣಕಾಲು 110 ಡಿಗ್ರಿ ಮಡಚುತ್ತೆ, ಆದರೂ ಕುರ್ಚಿಯಲ್ಲಿ ನೆಟ್ಟಗೆ ಕೂರಲು ಆಗ್ತಿಲ್ಲ, ಯಾಕೆ?

ಸಿಂಧನೂರು ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಅವ್ವನಿಗೆ 64. ಹತ್ತು ವರ್ಷದಿಂದ ಮೊಣಕಾಲು ನೋವು. ಬಲಗಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿತ್ತು. ಕೊನೆಗೆ ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊಣಕಾಲು ಬದಲಿಸಿದರು. ಇವತ್ತಿಗೆ 19 ದಿನ. ಆಪರೇಷನ್ ಆದ ಮರುದಿನವೇ ವಾಕರ್ ಹಿಡಿಸಿ ನಡೆಸಿದರು. ನಾಲ್ಕನೇ ದಿನ ಮನೆಗೆ ಕಳಿಸಿದರು. ಕೈಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಎಂಟು ಚಿತ್ರ, ಕೆಳಗೆಲ್ಲ ಇಂಗ್ಲಿಷ್. ಅವ್ವ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಾಳೆ.

ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಡಾಕ್ಟರೇ. ‘ಒಳಗೆ ಕಬ್ಬಿಣ ಕೂಡಬೇಕಲ್ಲವ್ವ, ಮೂರು ತಿಂಗಳು ಅಲ್ಲಾಡಿಸಬ್ಯಾಡ’ ಅಂತ ದೊಡ್ಡವ್ವ. ‘ಮೊಟ್ಟೆ ಬ್ಯಾಡ, ಬದನೆಕಾಯಿ ಬ್ಯಾಡ, ನಂಜಾಗ್ತದ’ ಅಂತ ಪಕ್ಕದ ಮನೆಯವರು. ಅವ್ವ ಬರೀ ಅನ್ನ, ತಿಳಿಸಾರು ಉಣ್ಣುತ್ತಿದ್ದಾಳೆ. ಶುಗರ್ ಬೇರೆ ಇದೆ.

ಫಿಜಿಯೋ ಫೋನಿನಲ್ಲಿ ‘ಮೂರನೇ ವಾರಕ್ಕೆ 90 ಡಿಗ್ರಿ ಮಡಚಬೇಕು’ ಎಂದಿದ್ದರು. ನಾನು ಮಗನ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತೆಗೆದು ಅವ್ವನ ಕಾಲಿಗೆ ಹಿಡಿದು ನೋಡಿದೆ. 110 ಬರುತ್ತಿದೆ. ಖುಷಿ ಆಯಿತು. ಆದರೆ ಕುರ್ಚಿಯಲ್ಲಿ ಕೂತರೆ ಕಾಲು ಮುಂದಕ್ಕೇ ಚಾಚಿರುತ್ತದೆ, ಪಾದ ಕೆಳಗೆ ನೆಟ್ಟಗೆ ಊರುವುದಿಲ್ಲ. ನಡೆಯುವಾಗ ಕುಂಟುತ್ತಾಳೆ. 110 ಇದ್ದರೂ ಹೀಗೇಕೆ? ಒಳಗೆ ಏನಾದರೂ ಸರಿ ಕೂತಿಲ್ವಾ?

ಕೊಪ್ಪಳದ ಗಣಿತ ಮೇಷ್ಟ್ರು

ತಂಗಿ, ಒಳಗೆ ಎಲ್ಲ ಸರಿ ಕೂತಿರಬಹುದು, ಕೋನಮಾಪಕ ಸರಿ ಕೂತಿಲ್ಲ.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವನು ನಾನು. ಎರಡೂ ಮೊಣಕಾಲು ಬದಲಿಸಿಕೊಂಡವನೂ ಹೌದು. ನೀವು ತೊಡೆಗೂ ಕಣಕಾಲಿಗೂ ನಡುವಿನ ಕೋನ ಅಳೆದಿದ್ದೀರಿ. ಡಾಕ್ಟರ್, ಫಿಜಿಯೋ ಹಾಗೆ ಅಳೆಯುವುದಿಲ್ಲ. ಕಾಲು ಪೂರ್ತಿ ಚಾಚಿದ್ದನ್ನು ಅವರು ಸೊನ್ನೆ ಅನ್ನುತ್ತಾರೆ. ಅಲ್ಲಿಂದ ಎಷ್ಟು ಮಡಚಿತು ಅನ್ನುವುದು ಅವರ ಲೆಕ್ಕ. 180ರಲ್ಲಿ 110 ಕಳೆಯಿರಿ. ನಿಮ್ಮ ಅವ್ವನ ಮೊಣಕಾಲು ಮಡಚುತ್ತಿರುವುದು 70 ಡಿಗ್ರಿ. 90 ಇದ್ದರಷ್ಟೇ ಕುರ್ಚಿಯಲ್ಲಿ ಪಾದ ಮೊಣಕಾಲಿನ ಕೆಳಗೆ ನೇರ ಬರುತ್ತದೆ. ಅದಕ್ಕೇ ಮುಂದಕ್ಕೆ ಚಾಚಿಕೊಂಡಿದೆ.

ಹೆದರಬೇಡಿ. ನನ್ನ ಎಡಗಾಲೂ ಮೂರನೇ ವಾರದಲ್ಲಿ 75 ದಾಟಿರಲಿಲ್ಲ.

ಸಿಂಧನೂರು ಮಗಳು

ಅಯ್ಯೋ ದೇವರೇ. ಊರೆಲ್ಲ 110 ಅಂತ ಹೇಳಿಕೊಂಡು ಬಂದಿದ್ದೆ!

ಫಿಜಿಯೋ, ರಾಯಚೂರು

ಮೇಷ್ಟ್ರೇ, ನಮ್ಮ ಕ್ಲಿನಿಕ್ಕಿಗೆ ಬಂದು ಹುಡುಗರಿಗೆ ಒಂದು ಪಾಠ ಮಾಡಿ. ಅಳತೆ ವಿವರಿಸಲು ನಾವು ಒದ್ದಾಡುತ್ತೇವೆ.

ಸಿಂಧನೂರಿನ ಅಕ್ಕ, ಕಾಲು ಕಣ್ಣಾರೆ ನೋಡದೆ ಹೇಳುತ್ತಿದ್ದೇನೆ, ಅದು ನೆನಪಿರಲಿ. ನಿಮಗೆ ಮೂರು ಪ್ರಶ್ನೆ. ಒಂದು, ಅವ್ವ ಮಲಗುವಾಗ ಮೊಣಕಾಲ ಕೆಳಗೆ ದಿಂಬು ಇಡುತ್ತೀರಾ? ಎರಡು, ಮಂಚದ ಮೇಲೆ ಕಾಲು ಚಾಚಿ ಮಲಗಿದಾಗ ಮೊಣಕಾಲಿಗೂ ಹಾಸಿಗೆಗೂ ನಡುವೆ ನಿಮ್ಮ ಕೈ ತೂರುತ್ತದಾ? ಮೂರು, ದಿನಕ್ಕೆ ಎಷ್ಟು ಸಲ ಎಕ್ಸರ್‌ಸೈಜ್, ನೋವಿನ ಮಾತ್ರೆ ಯಾವಾಗ?

ಸಿಂಧನೂರು ಮಗಳು

ಕೌದಿ ಸುತ್ತಿ ಮೊಣಕಾಲ ಕೆಳಗೆ ಇಡುತ್ತೇವೆ ಸರ್. ಅದಿಲ್ಲದಿದ್ದರೆ ನಿದ್ದೆಯೇ ಇಲ್ಲ. ಕೈ ಅಲ್ಲ, ಮುಷ್ಟಿಯೇ ತೂರುತ್ತದೆ. ಎಕ್ಸರ್‌ಸೈಜ್ ದಿನಕ್ಕೆ ಒಂದು ಸಲ, ಸಂಜೆ, ಅದೂ ಬೈದಾಡಿಕೊಂಡು. ಮಾತ್ರೆ ಊಟ ಆದ ಮೇಲೆ ರಾತ್ರಿ.

ಫಿಜಿಯೋ, ರಾಯಚೂರು

ಕುಂಟುವುದಕ್ಕೆ ಕಾರಣ ಆ ಕೌದಿ ಇರಬಹುದು. ಈಗಲೇ ತೆಗೆಯಿರಿ.

ಎಲ್ಲರೂ ಮಡಚುವುದನ್ನೇ ಕೇಳುತ್ತಾರೆ. ಎಷ್ಟು ಮಡಚಿತು, ಎಷ್ಟು ಮಡಚಿತು. ಕಾಲು ನೆಟ್ಟಗಾಯಿತಾ ಅಂತ ಯಾರೂ ಕೇಳುವುದಿಲ್ಲ. ಆಪರೇಷನ್ ಆದ ಮೊಣಕಾಲಲ್ಲಿ ನೀರು, ಬಾವು ತುಂಬಿರುತ್ತದೆ. ಸ್ವಲ್ಪ ಮಡಚಿಟ್ಟರೆ ಒಳಗಿನ ಒತ್ತಡ ಕಡಿಮೆಯಾಗಿ ಹಾಯೆನಿಸುತ್ತದೆ. ಹಾಗಾಗಿ ದಿಂಬು ಹಿತ. ಆದರೆ ರಾತ್ರಿಯಿಡೀ ಹಾಗೇ ಬಿಟ್ಟರೆ ಹಿಂಬದಿಯ ಸ್ನಾಯು, ಸ್ನಾಯುಪಟ್ಟಿಗಳು ಆ ಅಳತೆಗೇ ಗಿಡ್ಡವಾಗುತ್ತವೆ. ಕಾಲು ಪೂರ್ತಿ ಚಾಚದಿದ್ದರೆ ಆ ಕಾಲು ಗಿಡ್ಡ ಇದ್ದಂತೆ. ನಿಂತಾಗಲೂ ತೊಡೆಯ ಸ್ನಾಯು ಬಿಗಿ ಹಿಡಿದೇ ಇರಬೇಕು, ಅದಕ್ಕೆ ಬಿಡುವೇ ಇಲ್ಲ. ಬೇಗ ಸುಸ್ತಾಗುತ್ತದೆ, ಕುಂಟು ಬರುತ್ತದೆ.

ಸಮತಟ್ಟು ನೆಲದ ಮೇಲೆ ನಡೆಯಲು 60–70 ಡಿಗ್ರಿ ಮಡಚಿದರೆ ಸಾಕು. ಅದು ಅವ್ವನಿಗೆ ಈಗಾಗಲೇ ಇದೆ. ನೆಟ್ಟಗೆ ಆಗದ ಕಾಲೇ ಅವರನ್ನು ಕುಂಟಿಸುತ್ತಿದೆ. ಮೆಟ್ಟಿಲಿಗೆ 80ರಿಂದ 100, ಕುರ್ಚಿಯಿಂದ ಕೈ ಊರದೆ ಏಳಲು 90ರ ಮೇಲೆ ಬೇಕು. ಅದು ಆಮೇಲಿನ ಮಾತು.

ಈಗ ಮಾಡಬೇಕಾದ್ದು. ಟವೆಲ್ ಸುರುಳಿ ಮಾಡಿ ಹಿಮ್ಮಡಿ ಕೆಳಗೆ ಇಡಿ, ಮೊಣಕಾಲ ಕೆಳಗೆ ಏನೂ ಬೇಡ. ಹತ್ತು ನಿಮಿಷ ಸುಮ್ನೆ ಹಾಗೇ ಬಿಡಿ, ಭಾರಕ್ಕೆ ತಾನೇ ಇಳಿಯುತ್ತದೆ. ಅದೇ ಸ್ಥಿತಿಯಲ್ಲಿ ತೊಡೆ ಬಿಗಿ ಮಾಡಿ ಮೊಣಕಾಲನ್ನು ಹಾಸಿಗೆಗೆ ಒತ್ತಬೇಕು, ಐದು ಎಣಿಸಿ ಬಿಡಬೇಕು. ಹತ್ತರಿಂದ ಹದಿನೈದು ಸಲ. ಬಳಿಕ ಪಾದ ಮೇಲೆ ಕೆಳಗೆ ಆಡಿಸುವುದು, ಇದನ್ನು ಎಚ್ಚರ ಇದ್ದಾಗೆಲ್ಲ ಮಾಡಬಹುದು. ಕಾಲಿನ ರಕ್ತ ಹೆಪ್ಪುಗಟ್ಟದಿರಲು ಇದು ಬೇಕು. ಆಮೇಲೆ ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮೊಣಕಾಲು ಮಡಚುವುದು. ಪಾದದ ಕೆಳಗೆ ಒಂದು ಪ್ಲಾಸ್ಟಿಕ್ ಕವರ್ ಹಾಕಿದರೆ ಜಾರಲು ಸುಲಭ. ಕುರ್ಚಿಯಲ್ಲಿ ಕೂತಾಗ ಒಳ್ಳೆಯ ಕಾಲಿನಿಂದ ಆಪರೇಷನ್ ಕಾಲನ್ನು ಮೆಲ್ಲಗೆ ಹಿಂದಕ್ಕೆ ತಳ್ಳುವುದು. ನೋವು ತಡೆದುಕೊಳ್ಳುವಷ್ಟೇ ತಳ್ಳಿ, ಐದು ಎಣಿಸಿ, ಬಿಡಿ.

ದಿನಕ್ಕೆ ಒಂದು ಸಲ ಒಂದು ತಾಸು ಮಾಡಿ ಅಳುವುದಕ್ಕಿಂತ, ಮೂರು ನಾಲ್ಕು ಸಲ ಹದಿನೈದು ಇಪ್ಪತ್ತು ನಿಮಿಷ ಮಾಡುವುದು ಜಾಸ್ತಿ ಫಲ ಕೊಡುತ್ತದೆ. ಡಾಕ್ಟರ್ ಬರೆದ ಮಾತ್ರೆಯನ್ನು ಎಕ್ಸರ್‌ಸೈಜಿಗೆ ಅರ್ಧ ತಾಸು, ಮುಕ್ಕಾಲು ತಾಸು ಮುಂಚೆ ತೆಗೆದುಕೊಳ್ಳಬಹುದಾ ಅಂತ ಅವರನ್ನೇ ಕೇಳಿ. ಶುಗರ್ ಇರುವವರು ಮಾತ್ರೆಯನ್ನು ತಾವೇ ಹೆಚ್ಚಿಸಿಕೊಳ್ಳಬಾರದು, ಕಿಡ್ನಿಗೆ ಕಷ್ಟ.

‘ಕಬ್ಬಿಣ ಕೂಡಬೇಕು’ ಅನ್ನುವ ಮಾತಿಗೆ ಉತ್ತರ: ಹೆಚ್ಚಿನವರಿಗೆ ಅದನ್ನು ಮೂಳೆ ಸಿಮೆಂಟ್ ಹಾಕಿ ಕೂರಿಸುತ್ತಾರೆ. ಆ ಸಿಮೆಂಟ್ ಆಪರೇಷನ್ ಟೇಬಲ್ ಮೇಲೇ ಹದಿನೈದು ನಿಮಿಷದೊಳಗೆ ಗಟ್ಟಿಯಾಗುತ್ತದೆ. ಕಾಯುವುದು ಏನೂ ಉಳಿದಿಲ್ಲ. ಮರುದಿನವೇ ನಡೆಸಿದ್ದು ಅದಕ್ಕೇ.

ಗಂಗಾವತಿ ಕಾಕಾ

ಇಷ್ಟೆಲ್ಲಾ ಯಾಕ್ರೀ? ನಮ್ಮ ಕಡೆ ಎಣ್ಣೆ ತಿಕ್ಕಿ ಕೀಲು ಸರಿ ಮಾಡುವವರು ಇದ್ದಾರೆ. ಮೂರು ದಿನ ತಿಕ್ಕಿ ಜಗ್ಗಿದರೆ ಪೂರಾ ಮಡಚುತ್ತದೆ. ನಮ್ಮಣ್ಣನ ಭುಜ ಹಾಗೇ ಸರಿಯಾಗಿದೆ.

ಬಳ್ಳಾರಿ ಬಿಸಿಲು

ಕಾಕಾ, ದಯವಿಟ್ಟು ಬೇಡ. ಇದೇ ಮಾತು ಕೇಳಿ ನಾವು ಅನುಭವಿಸಿದ್ದೇವೆ.

ನಮ್ಮಪ್ಪನಿಗೆ ಐದನೇ ವಾರಕ್ಕೆ 75ಕ್ಕೇ ನಿಂತಿತ್ತು. ಮನೆಗೆ ಒಬ್ಬರನ್ನು ಕರೆಸಿದೆವು, ಹೆಸರು ಬೇಡ. ಅವರು ಅಪ್ಪನನ್ನು ಬೋರಲು ಮಲಗಿಸಿ ಹಿಮ್ಮಡಿ ಹಿಡಿದು ಒಂದೇ ಸಲ ಒತ್ತಿದರು. ಅಪ್ಪ ಕೂಗಿದ್ದು ಓಣಿಗೆಲ್ಲ ಕೇಳಿತು. ರಾತ್ರಿಗೆ ಮೊಣಕಾಲು ಕುಂಬಳಕಾಯಿ. ಒಳಗೆ ರಕ್ತಸ್ರಾವ ಆಗಿತ್ತು. ಎರಡು ವಾರ ಮುಟ್ಟಲೂ ಬಿಡಲಿಲ್ಲ, 75 ಇದ್ದದ್ದು 60ಕ್ಕೆ ಬಂತು. ಚಿಪ್ಪಿನ ಕೆಳಗಿನ ಸ್ನಾಯುಪಟ್ಟಿ ಹರಿಯದೆ ಉಳಿದದ್ದೇ ಪುಣ್ಯ ಅಂದರು ಡಾಕ್ಟರ್.

ಕೊನೆಗೆ ಒಂಬತ್ತನೇ ವಾರದಲ್ಲಿ ಮತ್ತೆ ಆಸ್ಪತ್ರೆ. ಮಂಪರು ಕೊಟ್ಟು, ಅಪ್ಪನಿಗೆ ಗೊತ್ತಾಗದಂತೆ, ಡಾಕ್ಟರೇ ಮೊಣಕಾಲು ಮಡಚಿದರು. ಕೊಯ್ಯುವುದು ಏನೂ ಇಲ್ಲ. ಅದೇ ದಿನ ಮಧ್ಯಾಹ್ನದಿಂದ ಫಿಜಿಯೋ ಶುರು. ಈಗ 105 ಇದೆ. ಇದನ್ನು ಮೂರು ತಿಂಗಳ ಒಳಗೆ ಮಾಡಿಸಿದರೆ ಒಳ್ಳೆಯದು, ಆಮೇಲೆ ಒಳಗಿನ ಗಾಯದ ಅಂಟು ಗಟ್ಟಿಯಾಗುತ್ತದೆ ಅಂತ ನಮಗೆ ಹೇಳಿದ್ದರು.

ಫಿಜಿಯೋ, ರಾಯಚೂರು

ಬಳ್ಳಾರಿಯವರು ಹೇಳಿದ್ದು ನಿಜ. ಮಂಪರು ಕೊಟ್ಟಾಗ ರೋಗಿ ಬಿಗಿ ಹಿಡಿಯುವುದಿಲ್ಲ, ಡಾಕ್ಟರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಕೈಗೆ ತಿಳಿಯುತ್ತದೆ. ಮನೆಯಲ್ಲಿ ಜಗ್ಗಿದರೆ ರೋಗಿ ಹೆದರಿ ಪೂರ್ತಿ ಬಿಗಿ ಹಿಡಿಯುತ್ತಾರೆ, ಎರಡು ಬಲಗಳ ನಡುವೆ ಸ್ನಾಯುಪಟ್ಟಿಯೋ ಮೂಳೆಯೋ ಹೋಗುತ್ತದೆ. ಕಾಕಾ, ನಿಮ್ಮಣ್ಣನ ಭುಜ ಹುಟ್ಟಿನಿಂದ ಬಂದ ಭುಜ, ಇದು ಹೊಸ ಗಾಯ.

ಗಾಯ ಪೂರ್ತಿ ಒಣಗಿದ ಮೇಲೆ ಕಲೆಯ ಮೇಲೆ ಬೆರಳಲ್ಲಿ ಮೆಲ್ಲಗೆ ಕೊಬ್ಬರಿ ಎಣ್ಣೆ ಆಡಿಸಬಹುದು. ಅಷ್ಟೇ.

ಗಂಗಾವತಿ ಕಾಕಾ

ಆಯ್ತು ಬಿಡಪ್ಪ. ಗೊತ್ತಿದ್ದದ್ದು ಹೇಳಿದೆ.

ಸಂಡೂರು ಸೊಸೆ

ಊಟದ ಬಗ್ಗೆ ಯಾರೂ ಬರೆಯಲಿಲ್ಲ. ಅನ್ನ ತಿಳಿಸಾರು ಉಂಡರೆ ಸ್ನಾಯು ಎಲ್ಲಿಂದ ಬರಬೇಕು? ನಮ್ಮ ಅತ್ತೆಗೂ ‘ನಂಜು’ ಅಂತ ಹದಿನೈದು ದಿನ ಹಾಗೇ ಮಾಡಿದ್ದೆವು. ತೊಡೆ ಕರಗಿ ಕೋಲಾಗಿತ್ತು. ಡಾಕ್ಟರಿಗೆ ಹೇಳಿದಾಗ ನಮ್ಮನ್ನೇ ಬೈದರು. ಗಾಯ ಮಾಯಲು ಪ್ರೋಟೀನ್ ಬೇಕು, ಶುಗರ್ ಇರುವವರು ಅನ್ನವನ್ನೇ ಉಂಡರೆ ಶುಗರ್ ಏರುತ್ತದೆ, ಶುಗರ್ ಏರಿದರೆ ಗಾಯಕ್ಕೆ ಸೋಂಕು ತಗಲುವ ಭಯ ಜಾಸ್ತಿ ಎಂದರು. ಆವತ್ತಿನಿಂದ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಬೇಯಿಸಿದ ಮೊಟ್ಟೆ. ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತದೆ, ಅದಕ್ಕೆ ನೀರು, ಸೊಪ್ಪು.

ಕಮೋಡ್ ಕುರ್ಚಿ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ತನ್ನಿ. ನಮ್ಮ ಅತ್ತೆ ಬಚ್ಚಲಿಗೆ ಹೋಗುವ ಭಯಕ್ಕೆ ನೀರೇ ಕುಡಿಯುತ್ತಿರಲಿಲ್ಲ.

ಸಿಂಧನೂರು ಮಗಳು

ಕುರ್ಚಿ ಇದೆ ಅಕ್ಕ. ಮೊಟ್ಟೆ ಇವತ್ತು ಬೇಯಿಸಿದೆ. ದೊಡ್ಡವ್ವ ಹೋದ ಮೇಲೆ ಕೊಟ್ಟೆ.

ಸಿಂಧನೂರು ಮಗಳು — ಐದು ದಿನದ ನಂತರ

ಕೌದಿ ತೆಗೆದಿದ್ದೇವೆ. ಮೊದಲ ಎರಡು ರಾತ್ರಿ ನನ್ನ ಮೇಲೆ ಹಿಡಿಶಾಪ. ಐದು ಎಣಿಸುವುದು ಅವ್ವನಿಗೆ ಬೇಸರ, ಬೇಗ ಬೇಗ ಎಣಿಸಿ ಮುಗಿಸುತ್ತಾಳೆ. ಅದಕ್ಕೆ ಪ್ರತಿ ಸಲ ‘ಓಂ ನಮಃ ಶಿವಾಯ’ ಎರಡು ಸಲ ನಿಧಾನ ಹೇಳು ಅಂದೆ. ದೇವರ ಹೆಸರನ್ನು ಗಡಿಬಿಡಿಯಲ್ಲಿ ಹೇಳುವ ಹಾಗಿಲ್ಲವಲ್ಲ, ಈಗ ಸರಿ ಹಿಡಿಯುತ್ತಾಳೆ. ಮುಷ್ಟಿ ತೂರುತ್ತಿದ್ದ ಕಡೆ ಈಗ ಚಪ್ಪಟೆ ಕೈ ಮಾತ್ರ ತೂರುತ್ತದೆ.

ಆದರೆ ಇವತ್ತು ಬೆಳಿಗ್ಗೆಯಿಂದ ಮೀನಖಂಡ ನೋಯುತ್ತಿದೆ ಅನ್ನುತ್ತಾಳೆ. ಮೊಣಕಾಲ ಕೆಳಗೆ ಬಾವು ನಿನ್ನೆಗಿಂತ ಜಾಸ್ತಿ. ಮುಟ್ಟಿದರೆ ಬಿಸಿ. ಎಕ್ಸರ್‌ಸೈಜ್ ಜಾಸ್ತಿ ಆಯಿತಾ?

ಫಿಜಿಯೋ, ರಾಯಚೂರು

ಎಕ್ಸರ್‌ಸೈಜ್ ನಿಲ್ಲಿಸಿ. ತಿಕ್ಕಬೇಡಿ. ಈಗಲೇ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಇದೆಯಾ ಅಂತ ಡಾಪ್ಲರ್ ಸ್ಕ್ಯಾನ್ ಆಗಬೇಕು. ಹೆಪ್ಪು ಅಲ್ಲದೆಯೂ ಇರಬಹುದು, ಆದರೆ ಕಣ್ಣಲ್ಲಿ ನೋಡಿ ಹೇಳಲು ನನಗೂ ಆಗುವುದಿಲ್ಲ. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಫೋನ್ ಗೀನ್ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದರಲ್ಲ, ನಡುವೆ ಬಿಟ್ಟಿದ್ದೀರಾ?

ಬಳ್ಳಾರಿ ಬಿಸಿಲು

ತಂಗಿ, ಇದನ್ನು ನಾಳೆಗೆ ಹಾಕಬೇಡ. ಇವತ್ತೇ.

ಸಿಂಧನೂರು ಮಗಳು — ರಾತ್ರಿ

ಹೋಗಿ ಬಂದೆವು. ಸ್ಕ್ಯಾನ್‌ನಲ್ಲಿ ಹೆಪ್ಪು ಇಲ್ಲ. ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ತಾಸುಗಟ್ಟಲೆ ಕೂತದ್ದಕ್ಕೆ ಬಾವು ಕೆಳಗೆ ಬಂದು ಸೇರಿದೆ ಅಂದರು. ಟಿವಿ ಧಾರಾವಾಹಿ ಕಾರಣ. ಮಾತ್ರೆ ಎರಡು ದಿನ ತಪ್ಪಿತ್ತು, ತಪ್ಪು ನನ್ನದೇ. ಅಳುವೇ ಬಂದುಬಿಟ್ಟಿತ್ತು ಕಾರಿನಲ್ಲಿ.

ಕೊಪ್ಪಳದ ಗಣಿತ ಮೇಷ್ಟ್ರು

ಒಳ್ಳೆಯದಾಯಿತು. ಖರ್ಚಾದರೂ ನಿದ್ದೆ ಬರುತ್ತದೆ.

ಬಾವಿಗೆ ನಾನು ಮಾಡಿದ ಉಪಾಯ: ಒದ್ದೆ ಟವೆಲ್ ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿ ಇಡುವುದು. ಎರಡು ಮಾಡಿಕೊಳ್ಳಿ. ತೆಳು ಬಟ್ಟೆ ಸುತ್ತಿ ಮೊಣಕಾಲ ಮೇಲೆ ಹದಿನೈದು ನಿಮಿಷ, ದಿನಕ್ಕೆ ನಾಲ್ಕು ಸಲ. ಐಸ್ ನೇರ ಚರ್ಮಕ್ಕೆ ತಾಗಬಾರದು. ಮಲಗಿ, ಕಾಲನ್ನು ಎದೆಗಿಂತ ಎತ್ತರ ಇಡಬೇಕು. ಆಗಲೂ ಲೋಡು ಹಿಮ್ಮಡಿ, ಮೀನಖಂಡದ ಕೆಳಗೆ, ಮೊಣಕಾಲ ಕೆಳಗಲ್ಲ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮನೆಯ ಗೋಡೆ, ಹಾಸಿಗೆ, ಕುಡಿಯುವ ನೀರು ಎಲ್ಲಾ ಬಿಸಿ. ಅದರಲ್ಲಿ ಮೊಣಕಾಲು ಬಿಸಿ ಇದೆಯಾ ಅಂತ ಹೇಗೆ ನೋಡುವುದು? ಇನ್ನೊಂದು ಮೊಣಕಾಲ ಮೇಲೂ ಕೈ ಇಟ್ಟು ಹೋಲಿಸಬೇಕು. ನನಗೆ ಆರು ತಿಂಗಳು ಸ್ವಲ್ಪ ಬಿಸಿ ಇತ್ತು. ಅದು ಸಹಜ. ಜ್ವರ, ಕೀವು, ದಿನದಿನಕ್ಕೆ ಹೆಚ್ಚುವ ಕೆಂಪು ಬಂದರೆ ಸಹಜ ಅಲ್ಲ.

ಇನ್ನೆರಡು ಸಂಗತಿ, ಯಾರೂ ಮುಂಚೆ ಹೇಳದೆ ನಾನು ಹೆದರಿದ್ದು. ಗಾಯದ ಹೊರಮಗ್ಗುಲು ಅಂಗೈಯಗಲ ಜೋಮು ಹಿಡಿದಿರುತ್ತದೆ. ಕೊಯ್ಯುವಾಗ ಚರ್ಮದ ಸಣ್ಣ ನರ ತುಂಡಾಗುತ್ತದೆ, ಅದಕ್ಕೇ. ಹೋಗಬಹುದು, ಉಳಿಯಲೂಬಹುದು. ನನ್ನದು ಎಡಕ್ಕೆ ಉಳಿದಿದೆ. ಎರಡನೆಯದು ಟಕ್ ಟಕ್ ಸದ್ದು. ಒಳಗೆ ಲೋಹ, ನಡುವೆ ಪ್ಲಾಸ್ಟಿಕ್, ತಾಗಿದರೆ ಸದ್ದು ಬರುತ್ತದೆ. ನೋವಿಲ್ಲದಿದ್ದರೆ ಬಿಟ್ಟುಬಿಡಿ. ನನ್ನ ಮೊಮ್ಮಗಳು ನನ್ನನ್ನು ಗಡಿಯಾರ ತಾತ ಅನ್ನುತ್ತಾಳೆ.

ಮಾನ್ವಿಯಿಂದ

ನಮ್ಮ ಅಬ್ಬಾಗೆ ಮುಂದಿನ ತಿಂಗಳು ಆಪರೇಷನ್. ಇದನ್ನೆಲ್ಲ ಓದಿ ಕೈಕಾಲು ತಣ್ಣಗಾಯಿತು. ಎರಡೂ ಕಾಲು ಹಾಳಾಗಿವೆ. ಒಟ್ಟಿಗೆ ಮಾಡಿಸುವುದೋ, ಒಂದೊಂದೋ? ನಮಾಜಿಗೆ ನೆಲದ ಮೇಲೆ ಕೂರಲು ಆಗುತ್ತದಾ? ಖರ್ಚು?

ಕೊಪ್ಪಳದ ಗಣಿತ ಮೇಷ್ಟ್ರು

ನನ್ನದು ಒಂದೊಂದೇ, ನಡುವೆ ಏಳು ತಿಂಗಳು. ವಾಜಪೇಯಿಯವರಿಗೂ ಹಾಗೇ ಮಾಡಿದ್ದರು. 2000ದ ಅಕ್ಟೋಬರ್‌ನಲ್ಲಿ ಎಡಗಾಲು, 2001ರ ಜೂನ್‌ನಲ್ಲಿ ಬಲಗಾಲು, ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ. ಆಗ ನಾವು ಸ್ಟಾಫ್ ರೂಮಿನಲ್ಲಿ ಪೇಪರ್ ಓದುತ್ತಾ ‘ಮೊಣಕಾಲನ್ನೂ ಬದಲಿಸ್ತಾರಂತೆ’ ಅಂತ ಬೆರಗಾಗಿದ್ದೆವು. ಒಟ್ಟಿಗೆ ಮಾಡಿಸಿಕೊಂಡವರೂ ಇದ್ದಾರೆ. ಹೃದಯ, ಶುಗರ್, ವಯಸ್ಸು ನೋಡಿ ಡಾಕ್ಟರ್ ಹೇಳುತ್ತಾರೆ. ಒಂದೊಂದೇ ಮಾಡಿದರೆ ಊರಲು ಒಂದು ಕಾಲಾದರೂ ಇರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಬಳ್ಳಾರಿ ಬಿಸಿಲು

ಖರ್ಚಿನ ಬಗ್ಗೆ: 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿನ ದರಕ್ಕೆ ಮಿತಿ ಹಾಕಿತು. ಹೆಚ್ಚು ಬಳಸುವ ಕೋಬಾಲ್ಟ್ ಕ್ರೋಮಿಯಂ ಮೊಣಕಾಲಿಗೆ ಆಗ 54,720 ರೂಪಾಯಿ ನಿಗದಿಯಾಯಿತು, ತೆರಿಗೆ ಬೇರೆ. ಅದಕ್ಕೆ ಮುಂಚೆ ಒಂದೂವರೆ ಲಕ್ಷ ದಾಟುತ್ತಿತ್ತು. ಅದು ಬರೀ ಮೊಣಕಾಲಿನ ದರ. ರೂಮು, ಡಾಕ್ಟರ್, ಔಷಧಿ ಸೇರಿದರೆ ಬಿಲ್ ಬೇರೆ. ಬಿಲ್ಲಿನಲ್ಲಿ ಮೊಣಕಾಲಿನ ದರ ಪ್ರತ್ಯೇಕ ತೋರಿಸಿ ಅಂತ ಕೇಳಿ, ಅದರ ಸ್ಟಿಕ್ಕರ್ ಫೈಲಿನಲ್ಲಿ ಅಂಟಿಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು (ಯೋಜನೆಯ ಮಾಹಿತಿ ಕೊಡುವವರನ್ನು) ಕೇಳಿ. ಅಡ್ಮಿಟ್ ಆದ ಮೇಲೆ ಓಡಾಡಿ ಪ್ರಯೋಜನ ಇಲ್ಲ.

ಫಿಜಿಯೋ, ರಾಯಚೂರು

ಮಾನ್ವಿಯವರೇ, ಒಂದು ತಿಂಗಳು ಸಿಕ್ಕಿದೆಯಲ್ಲ, ಅದನ್ನು ಬಳಸಿಕೊಳ್ಳಿ. ಆಪರೇಷನ್‌ಗೆ ಮುಂಚೆ ಎಷ್ಟು ಮಡಚುತ್ತಿತ್ತು ಅನ್ನುವುದು ಆಮೇಲೆ ಎಷ್ಟು ಮಡಚುತ್ತದೆ ಅನ್ನುವುದನ್ನು ಬಹಳ ಮಟ್ಟಿಗೆ ನಿರ್ಧರಿಸುತ್ತದೆ. ಈಗಿನಿಂದಲೇ ತೊಡೆ ಬಿಗಿ ಮಾಡುವುದು, ಕಾಲು ನೆಟ್ಟಗೆ ಎತ್ತುವುದು, ಕುರ್ಚಿಯಿಂದ ಎದ್ದು ಕೂರುವುದು ಮಾಡಿಸಿ. ವಾಕರ್ ಹಿಡಿದು ನಡೆಯುವುದನ್ನೂ ಈಗಲೇ ಕಲಿಸಿ. ನೋವಿನಲ್ಲಿ ಹೊಸದು ಕಲಿಯುವುದು ಕಷ್ಟ.

ನೆಲದ ವಿಷಯ ನೇರವಾಗಿ ಹೇಳುತ್ತೇನೆ. ಹೆಚ್ಚಿನವರಿಗೆ ಕೊನೆಗೆ ಸಿಗುವುದು 110ರಿಂದ 120. ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು ಅದು ಸಾಲದು. ಮಡಚಿದರೂ ಒಳಗಿನ ಪ್ಲಾಸ್ಟಿಕ್ ಬೇಗ ಸವೆಯುತ್ತದೆ ಅಂತ ಹೆಚ್ಚಿನ ಡಾಕ್ಟರರು ಬೇಡ ಅನ್ನುತ್ತಾರೆ. ಅಬ್ಬಾ ಕುರ್ಚಿಯ ಮೇಲೆ ನಮಾಜ್ ಮಾಡುವುದನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ಆಮೇಲೆ ಬೇಸರ ಕಡಿಮೆ. ರಾಯಚೂರಿನ ರಿಮ್ಸ್, ಬಳ್ಳಾರಿಯಲ್ಲಿ ಈಗಲೂ ನಾವೆಲ್ಲ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ, ಇಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಫಿಜಿಯೋಥೆರಪಿ ಸಿಗುತ್ತದೆ. ಖಾಸಗಿಗೆ ದುಡ್ಡಿಲ್ಲ ಅಂತ ಬಿಡಬೇಡಿ. ವಾರಕ್ಕೆ ಒಂದು ಸಲ ಬಂದು ಅಳೆಸಿಕೊಂಡು ಹೋದರೂ ಸಾಕು, ಉಳಿದದ್ದು ಮನೆಯಲ್ಲೇ.

ಮಾನ್ವಿಯಿಂದ

ಶುಕ್ರಿಯಾ ಸರ್. ಅಬ್ಬಾಗೆ ಓದಿ ಹೇಳಿದೆ. ‘ಕುರ್ಚಿ ಮೇಲಾದ್ರೂ ಮಸೀದಿಗೆ ಹೋಗ್ತೀನಲ್ಲ, ಈಗ ಅದೂ ಇಲ್ಲ’ ಅಂದರು.

ಸಿಂಧನೂರು ಮಗಳು — ಆರನೇ ವಾರ

ಒಳ್ಳೆಯ ಸುದ್ದಿ, ಕೆಟ್ಟ ಸುದ್ದಿ ಎರಡೂ ಇವೆ.

ಒಳ್ಳೆಯದು: 96 ಡಿಗ್ರಿ. ಕಳೆದೇ ಹೇಳುತ್ತಿದ್ದೇನೆ ಮೇಷ್ಟ್ರೇ! ಮೊಣಕಾಲ ಕೆಳಗೆ ಈಗ ಬೆರಳು ಮಾತ್ರ ಹೋಗುತ್ತದೆ. ನಮ್ಮ ಮನೆಯ ನೆಲ ಶಹಾಬಾದ್ ಕಲ್ಲು. ಅದರ ಮೇಲೆ ಕುರ್ಚಿ ಹಾಕಿ, ಪಾದದ ಕೆಳಗೆ ಸಕ್ಕರೆ ಕವರ್ ಇಟ್ಟು ಹಿಂದೆ ಮುಂದೆ ಜಾರಿಸುತ್ತಾಳೆ. ಅದೇ ಅವಳಿಗೆ ಇಷ್ಟದ ಎಕ್ಸರ್‌ಸೈಜ್. ಮೊಮ್ಮಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ದಾನೆ, ದಿನಾ ಹಿಮ್ಮಡಿ ಎಲ್ಲಿಗೆ ಬಂತು ಅಂತ. ಗೆರೆ ದಾಟಿದ ದಿನ ಅವನಿಗೆ ಐದು ರೂಪಾಯಿ. ಯಾರು ಯಾರಿಗೆ ಕೊಡಬೇಕು ಅನ್ನುವುದೇ ಉಲ್ಟಾ ಆಗಿದೆ.

ಕೆಟ್ಟದು: ಮೊನ್ನೆ ನಾನು ಸಂತೆಗೆ ಹೋದಾಗ ಅವ್ವ ಒಲೆ ಮುಂದೆ ನಿಂತು ಒಂದೂವರೆ ತಾಸು ರೊಟ್ಟಿ ಬಡಿದಿದ್ದಾಳೆ. ಇಪ್ಪತ್ತೆರಡು ರೊಟ್ಟಿ. ‘ನಿನ್ನ ರೊಟ್ಟಿ ದಪ್ಪ, ಬಾಯಿಗೆ ಹಚ್ಚೋ ಹಂಗಿಲ್ಲ’ ಅನ್ನುವುದು ಅವಳ ವಾದ. ರಾತ್ರಿಗೆ ಮೊಣಕಾಲು ಊದಿ, ಮರುದಿನ 88ಕ್ಕೆ ಇಳಿಯಿತು.

ಫಿಜಿಯೋ, ರಾಯಚೂರು

ಇಪ್ಪತ್ತೆರಡು! ಬಾವು ಬಂದಾಗ ಡಿಗ್ರಿ ಇಳಿಯುತ್ತದೆ, ಬಾವು ಇಳಿದರೆ ಮತ್ತೆ ಬರುತ್ತದೆ. ಕಳೆದುಕೊಂಡಿಲ್ಲ. ಎರಡು ದಿನ ನಿಲ್ಲುವುದು, ನಡೆಯುವುದು ಕಡಿಮೆ ಮಾಡಿ. ಐಸ್, ಕಾಲು ಎತ್ತರ. ಎಕ್ಸರ್‌ಸೈಜ್ ನಿಲ್ಲಿಸಬೇಡಿ, ಅರ್ಧಕ್ಕೆ ಇಳಿಸಿ. ನಾನು ನೋಡುವ ಗುರುತು ಇಷ್ಟೇ: ಎಕ್ಸರ್‌ಸೈಜ್ ಮಾಡಿದ ನೋವು ಒಂದು ತಾಸಿನೊಳಗೆ ಇಳಿದರೆ ಸರಿ. ಮರುದಿನ ಬೆಳಿಗ್ಗೆಗೂ ಉಳಿದರೆ, ಬಾವು ಜಾಸ್ತಿಯಾಗಿದ್ದರೆ, ನಿನ್ನೆ ಮಾಡಿದ್ದು ಹೆಚ್ಚಾಯಿತು.

ರೊಟ್ಟಿ ಬಡಿಯುವುದನ್ನು ಬಿಡಿಸಬೇಡಿ. ಎತ್ತರದ ಸ್ಟೂಲ್ ಹಾಕಿಕೊಡಿ, ಅರ್ಧ ಕೂತು ಅರ್ಧ ನಿಂತು ಮಾಡಲಿ, ದಿನಕ್ಕೆ ಐದು ರೊಟ್ಟಿ. ವಾರಕ್ಕೆ ಎರಡು ಹೆಚ್ಚಿಸಿ.

ಸಂಡೂರು ಸೊಸೆ

ಡಾಕ್ಟರ ಚೀಟಿಯಲ್ಲಿ ರೊಟ್ಟಿಯ ಲೆಕ್ಕ ಇದೇ ಮೊದಲು ನೋಡಿದ್ದು 😄

ಒಂದು ಮಾತು ಸೇರಿಸುತ್ತೇನೆ. ಮೆಟ್ಟಿಲು ಶುರು ಮಾಡಿದ್ದರೆ, ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಕೋಲು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ. ನಮ್ಮ ಅತ್ತೆ ತಿಂಗಳುಗಟ್ಟಲೆ ತಪ್ಪು ಕೈಯಲ್ಲಿ ಹಿಡಿದಿದ್ದರು, ನೋವಿರುವ ಕಡೆಗೇ ಆಸರೆ ಬೇಕು ಅನ್ನಿಸುತ್ತದೆ, ಅಲ್ವಾ?

ಗಂಗಾವತಿ ಕಾಕಾ

ಒಂದು ಪ್ರಶ್ನೆ. ನಮ್ಮ ಮನೆಯಾಕೆಗೂ ಡಾಕ್ಟರ್ ಆಪರೇಷನ್ ಹೇಳಿದ್ದಾರೆ. ಬಸ್ಸಿನ ಮೆಟ್ಟಿಲು ಎತ್ತರ ಇರುತ್ತದೆ, ಟಂಟಂನಲ್ಲಿ ಕಾಲು ಮಡಚಿ ತುರುಕಿಕೊಂಡು ಕೂರಬೇಕು. ಆಮೇಲೆ ಊರಿಗೆ ಕರೆದುಕೊಂಡು ಹೋಗುವುದು ಹೇಗೆ?

ಬಳ್ಳಾರಿ ಬಿಸಿಲು

ಕಾಕಾ, ಬಂದಿರಾ! ಮೊದಲ ಆರು ವಾರ ಕಾರೇ ಮಾಡಿ. ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಸಿ. ಮೊದಲು ಸೀಟಿಗೆ ಬೆನ್ನು ಮಾಡಿ, ಕಾಲು ಹೊರಗಿಟ್ಟು ಕೂರಬೇಕು, ಆಮೇಲೆ ಎರಡೂ ಕಾಲು ಒಳಗೆ ತಿರುಗಿಸಬೇಕು. ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿದರೆ ತಿರುಗಲು ಸುಲಭ. ತಾಸಿಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ನಮ್ಮಪ್ಪ ನಾಲ್ಕನೇ ತಿಂಗಳಿಂದ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ. ಕಂಡಕ್ಟರಿಗೆ ಒಂದು ಮಾತು ಹೇಳಿದರೆ ಕಾಯುತ್ತಾರೆ.

ಸಿಂಧನೂರು ಮಗಳು — ಮೂರು ತಿಂಗಳು ದಾಟಿದ ಮೇಲೆ

ಬಹಳ ದಿನ ಆಯಿತು ಬರೆಯದೆ. ನಿನ್ನೆ ಬಳ್ಳಾರಿಗೆ ತೋರಿಸಲು ಹೋಗಿದ್ದೆವು. 112 ಡಿಗ್ರಿ. ಕಾಲು ಪೂರ್ತಿ ನೆಟ್ಟಗಾಗಿದೆ, ಸೊನ್ನೆ. ಡಾಕ್ಟರ್ ತಾವೇ ಅಳೆದು ಹೇಳಿದ್ದು. ಈಗ ನಿಜವಾಗಿ 110 ದಾಟಿತು ಅಂತ ಊರಿಗೆಲ್ಲ ಹೇಳಬಹುದು, ಆದರೆ ಹೇಳಿದರೆ ‘ಆಗಲೇ ಅಷ್ಟಿತ್ತಲ್ಲ’ ಅನ್ನುತ್ತಾರೆ.

ಅವ್ವ ಈಗ ಕೋಲಿಲ್ಲದೆ ಮನೆಯೊಳಗೆ ಓಡಾಡುತ್ತಾಳೆ. ಹೊರಗೆ ಹೋಗುವಾಗ ಕೋಲು. ಮೆಟ್ಟಿಲು ಇನ್ನೂ ಒಂದೊಂದೇ. ರಾತ್ರಿ ಮಗ್ಗುಲು ತಿರುಗಿದರೆ ಎಚ್ಚರ ಆಗುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಕಾಲು ಕಟ್ಟಿಗೆ, ಹತ್ತು ಹೆಜ್ಜೆ ನಡೆದರೆ ಸಡಿಲ. ರೊಟ್ಟಿ ಹದಿನಾಲ್ಕಕ್ಕೆ ಬಂದಿದೆ. ಎಡಗಾಲು ಯಾವಾಗ ಅಂತ ಡಾಕ್ಟರ್ ಕೇಳಿದ್ದಕ್ಕೆ ‘ಮೊದಲು ನನ್ನ ಮಗಳನ್ನ ಕೇಳ್ರಿ, ಎಣಿಸೋದು ಆಕಿ’ ಅಂದಳು.

ಮೇಷ್ಟ್ರೇ, ನಿಮ್ಮ ಮೆಟ್ಟಿಲು ಎಲ್ಲಿಗೆ ಬಂತು?

ಕೊಪ್ಪಳದ ಗಣಿತ ಮೇಷ್ಟ್ರು

ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಹೋದ ವಾರ ಮೊಮ್ಮಗಳ ಜೊತೆ ಹೋಗಿ 60 ಹತ್ತಿ ಕೂತೆ. ಅಲ್ಲಿಂದಲೇ ಕೈ ಮುಗಿದೆ. ಇಳಿಯುವಾಗಲೇ ಕಷ್ಟ ಜಾಸ್ತಿ, ತೊಡೆ ನಡುಗುತ್ತದೆ. ಆಪರೇಷನ್ ಆಗಿ ವರ್ಷ ದಾಟಿದರೂ ತೊಡೆಯ ಬಲ ಪೂರ್ತಿ ಬಂದಿಲ್ಲ. ಗವಿಮಠದ ಜಾತ್ರೆಯಲ್ಲಿ ದಾಸೋಹದ ಊಟ ಮಾತ್ರ ನಿಂತುಕೊಂಡೇ ಉಂಡೆ. ಪಂಕ್ತಿಯಲ್ಲಿ ಕೂರಲಾಗದ್ದು ಈಗಲೂ ಒಂದು ಕೊರಗು, ಸುಳ್ಳು ಹೇಳುವುದಿಲ್ಲ.

ಮಾನ್ವಿಯಿಂದ

ಅಬ್ಬಾ ಆಪರೇಷನ್ ಮುಂದಕ್ಕೆ ಹೋಗಿತ್ತು, ಶುಗರ್ ಇಳಿದ ಮೇಲೆ ಮಾಡುತ್ತೇವೆ ಅಂದಿದ್ದರು. ಈಗ ಮುಂದಿನ ಸೋಮವಾರ ದಿನ ಕೊಟ್ಟಿದ್ದಾರೆ. ಕಾಲು ನೆಟ್ಟಗೆ ಎತ್ತುವುದು ದಿನಕ್ಕೆ ಮೂರು ಸಲ ಮಾಡುತ್ತಿದ್ದಾರೆ. ವಾಕರ್ ಇನ್ನೂ ತಂದಿಲ್ಲ. ಎಂಥದ್ದು ತರಬೇಕು, ಚಕ್ರ ಇರುವುದಾ?

ಸಿಂಧನೂರು ಮಗಳು

ತರಬೇಡಿ, ನಮ್ಮದೇ ಒಯ್ಯಿರಿ. ಮಡಚುವ ವಾಕರ್, ಚಕ್ರ ಇಲ್ಲ, ಎತ್ತರ ಹೆಚ್ಚು ಕಡಿಮೆ ಮಾಡಬಹುದು. ಹಿಡಿಕೆ ಅಬ್ಬಾ ಅವರ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಕಮೋಡ್ ಕುರ್ಚಿಯೂ ಇದೆ, ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ಸಿಂಧನೂರು ಬಸ್ ಸ್ಟ್ಯಾಂಡಿಗೆ ಬಂದರೆ ತಂದುಕೊಡುತ್ತೇನೆ, ಮೆಸೇಜ್ ಮಾಡಿ. ವಾಕರಿನ ಒಂದು ಕಾಲಿನ ರಬ್ಬರ್ ಬುಷ್ ಸವೆದಿದೆ, ಒದ್ದೆ ನೆಲದ ಮೇಲೆ ಜಾರುತ್ತದೆ. ಕೊಡುವ ಮುಂಚೆ ನಾನೇ ಹೊಸದು ಹಾಕಿಸುತ್ತೇನೆ.